ಇಪ್ಪತ್ತಮೂರು ಕೋಲು ಸುರಂಗ, ಒಂದು ಗಿಂಡಿ ನೀರು

ಚಪ್ಪರ ಕುಸಿಯಬಹುದಿತ್ತು. ಪಗ್ಗು ತಿಂಗಳ ಕೊನೆಗೆ, ಅಂದರೆ ಮೇ ನಡುವಿಗೆ, ಅಡ್ಡಮಳೆ ಬಂದು ಅಂಗಳದ ಒಲೆಗಳೆಲ್ಲ ಆರಿಹೋಗಬಹುದಿತ್ತು. ಸುಳ್ಯದಿಂದ ದಿಬ್ಬಣ ತರುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ಮುಹೂರ್ತ ಮೀರಬಹುದಿತ್ತು. ಬಸ್ಸು ಸರಿಯಾಗಿ ಬಂದರೂ ಕಡಬದ ರಸ್ತೆಯಿಂದ ನಮ್ಮ ಮನೆಗೆ ಎರಡು ಮೈಲಿ ಗುಡ್ಡೆ ಹತ್ತಬೇಕು. ಮದುಮಗನ ದೊಡ್ಡಪ್ಪನಿಗೆ ದಮ್ಮು ಎಂದು ಕೇಳಿದ್ದೆ, ಅವರು ಅರ್ಧದಲ್ಲಿ ಕೂತುಬಿಡಬಹುದಿತ್ತು. ಅಕ್ಕನಿಗೆ ಕೆಪ್ಪಟ್ರಾಯ ಬಂದು ಒಂದು ಕೆನ್ನೆ ಊದಬಹುದಿತ್ತು. ಅಡುಗೆಯ ಹೊಗೆಗೆ ಹಲಸಿನ ಮರದ ಹೆಜ್ಜೇನು ಎದ್ದು ಊಟದ ಪಂಕ್ತಿಯ ಮೇಲೆ ಬೀಳಬಹುದಿತ್ತು. ಪಾಯಸದ ಕಾಯಿಹಾಲು ಒಡೆಯಬಹುದಿತ್ತು. ಇನ್ನು ಮನೆಯ ಹಿಂದಿನ ಸುರಂಗ. ಅದು ಅಪ್ಪನ ಮೇಲೆ ಕುಸಿಯಬಹುದಿತ್ತು, ಒಳಗೆ ಉಸಿರು ಕಟ್ಟಬಹುದಿತ್ತು, ಮುಳ್ಳುಹಂದಿ ತನ್ನ ಬಿಲವೆಂದು ತಿಳಿದು ಸೇರಿಕೊಳ್ಳಬಹುದಿತ್ತು, ಹಾವು ಇರಬಹುದಿತ್ತು. ಇದು ಯಾವುದೂ ಆಗದೆ, ಕೊನೆಗೆ ನೀರೇ ಬಾರದಿರಬಹುದಿತ್ತು.

ಇದನ್ನೆಲ್ಲ ನಾನು ಈಗ ಕೂತು ಕಟ್ಟಿದ್ದಲ್ಲ. ಅಕ್ಕನ ಮದುವೆ ನಿಶ್ಚಯವಾದ ವಾರವೇ ಹಳೆಯ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟದ್ದು. ಒಟ್ಟು ಮೂವತ್ತೊಂದು ಸಂಗತಿಗಳು. ನನಗಾಗ ಹದಿನೆಂಟು. ಆ ಪ್ರಾಯದ ಬೇರೆ ಹುಡುಗಿಯರು ಅಂಥ ಹಾಳೆಗಳಲ್ಲಿ ಏನು ಬರೆಯುತ್ತಿದ್ದರೋ ನನಗೆ ತಿಳಿಯದು. ಈಗ ಐವತ್ತರ ಹತ್ತಿರ ಬಂದಿದ್ದೇನೆ. ಬಾಗಿಲಿಗೆ ಬೀಗ ಹಾಕಿ ಗೇಟಿನವರೆಗೆ ಹೋಗಿ ವಾಪಸು ಬಂದು ಎಳೆದು ನೋಡುತ್ತೇನೆ, ಮತ್ತೆ ಗೇಟಿನಿಂದ ವಾಪಸು ಬರುತ್ತೇನೆ. ನಮ್ಮ ಕಡೆ ಚಿಂತೆಗೆ ‘ಮಂಡೆಬೆಚ್ಚ’ ಎನ್ನುತ್ತಾರೆ. ತಲೆ ಬಿಸಿ. ಅಪ್ಪ ನನ್ನ ನೆತ್ತಿ ಮುಟ್ಟಿ ನೋಡಿ, “ಇದರ ಮೇಲೆ ಒಂದು ಕಾವಲಿ ಇಟ್ರೆ ನಾಲ್ಕು ದೋಸೆ ಆಗ್ತದೆ” ಎನ್ನುತ್ತಿದ್ದರು.

ದೋಸೆಯ ಮಾತು ಅವರಿಗೆ ಸುಮ್ಮನೆ ಬಂದದ್ದಲ್ಲ. ಸುಳ್ಯದ ಒಂದು ಹೋಟೆಲಿನಲ್ಲಿ ಐದು ವರ್ಷ ದೋಸೆ ಹೊಯ್ದವರು ಅವರು. ಅದಕ್ಕೆ ಮೊದಲು ಕುಮಾರಧಾರೆಯ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದರು. ಅದಕ್ಕೂ ಮೊದಲು ಪುತ್ತೂರಿನಿಂದ ಉಪ್ಪು, ಒಣಮೀನು, ಬಟ್ಟೆಯ ಗಂಟು ಹೇರಿಕೊಂಡು ಸುಬ್ರಹ್ಮಣ್ಯದ ಕಡೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಹುಟ್ಟಿದ್ದು ಕೊಲ್ಲಮೊಗ್ರದಲ್ಲಿ, ಕಾಡಿನ ಅಂಚಿನ ಮನೆಯಲ್ಲಿ. ಮನೆ ತುಂಬ ಅಣ್ಣತಮ್ಮಂದಿರು, ಗದ್ದೆ ಮಾತ್ರ ಮೂರೇ ತುಂಡು. ಆದ್ದರಿಂದ ಮೀಸೆ ಮೂಡುವ ಹೊತ್ತಿಗೆ ಹೊರಗೆ ಬಿದ್ದರು. ಗಾಡಿ ಹೊಡೆದರು, ಲಾರಿ ಬಂತು, ಗಾಡಿ ನಿಂತಿತು. ದೋಣಿ ದಾಟಿಸಿದರು, ಕಾಲುಸಂಕ ಬಂತು, ದೋಣಿ ಮಗುಚಿಟ್ಟರು. ಹೋಟೆಲಿನ ಯಜಮಾನರು ಮುದುಕರಾಗಿ ಬಾಗಿಲು ಹಾಕಿದ ಮೇಲೆ ಮದುವೆ ಮುಂಜಿಗಳ ಅಡುಗೆಗೆ ಹೋದರು. ಅಡುಗೆಯಿಲ್ಲದ ಮಳೆಗಾಲದಲ್ಲಿ ಕೊಡೆ ರಿಪೇರಿ ಮಾಡಿದರು, ಮಳೆ ಬರುವ ಮೊದಲು ಮನೆಗಳ ಹಂಚು ಕೈಯಾಡಿಸಿದರು. “ನಿಮ್ಮಪ್ಪನಿಗೆ ಕೆಲಸ ಬಿಡುದೂ ಒಂದು ಕೆಲಸ” ಎಂದು ಅಮ್ಮ ಹೇಳುತ್ತಿದ್ದಳು. ಅದು ಅನ್ಯಾಯದ ಮಾತು. ಅವರು ಯಾವ ಕೆಲಸವನ್ನೂ ಬಿಟ್ಟವರಲ್ಲ. ಕೆಲಸಗಳೇ ಅವರನ್ನು ಬಿಟ್ಟುಹೋದವು. ಒಂದು ಹೋದ ಮರುದಿನ ಬೆಳಿಗ್ಗೆ ಇನ್ನೊಂದಕ್ಕೆ ಹೊರಡುತ್ತಿದ್ದರು, ಅಷ್ಟೇ. ನಾವು ಮನೆಯವರು ಹಸಿದು ಕೂತ ದಿನ ನನಗೆ ನೆನಪಿಲ್ಲ. ಹಸಿಯಬಹುದು ಎಂದು ನಾನು ಹೆದರಿದ ದಿನಗಳು ಬೇಕಾದಷ್ಟಿವೆ.

ಐವತ್ತರ ದಶಕದ ಮೊದಲಿಗೆ ಅಪ್ಪನಿಗೆ ಕಡಬದ ಹತ್ತಿರ ಒಂದು ತುಂಡು ಗುಡ್ಡೆ ಸಿಕ್ಕಿತು. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಬೋಳುಗುಡ್ಡೆ. ಅದರಲ್ಲೊಂದು ಮಣ್ಣಿನ ಗೋಡೆಯ ಮನೆ ಎಬ್ಬಿಸಿದರು. ಗೇರು, ಹಲಸು ಬಂದವು, ನೀರು ಬರಲಿಲ್ಲ. ಬಾವಿ ತೋಡಿದರೆ ಎಂಟು ಕೋಲಿಗೆ ಕರಿಬಂಡೆ. ಕೋಲೆಂದರೆ ನಮ್ಮ ಕಡೆಯ ಅಳತೆ, ಎರಡೂವರೆ ಅಡಿ ಹಿಡಿಯಬಹುದು. ಆ ಬಾವಿಯಲ್ಲಿ ದೀಪಾವಳಿಯವರೆಗೆ ಮಳೆನೀರು ನಿಲ್ಲುತ್ತಿತ್ತು, ಅನಂತರ ಕಪ್ಪೆಗಳೂ ಬಿಟ್ಟುಹೋಗುತ್ತಿದ್ದವು. ಉಳಿದ ಏಳು ತಿಂಗಳು ನಾನು, ಅಕ್ಕ, ಅಮ್ಮ ಮೂವರೂ ಕೊಡ ಹೊತ್ತು ಕೆಳಗಿನ ಮನೆಯ ಬಾವಿಗೆ ಇಳಿಯುತ್ತಿದ್ದೆವು. ಹೋಗುವಾಗ ಇನ್ನೂರ ಹದಿನಾಲ್ಕು ಹೆಜ್ಜೆ, ಬರುವಾಗ ಹತ್ತುಹನ್ನೆರಡು ಹೆಚ್ಚು. ಆ ಬಾವಿಕಟ್ಟೆಗೆ ಒಂದು ಪುನರ್ಪುಳಿ ಮರ ಬಾಗಿಕೊಂಡಿತ್ತು. ಬೇಸಗೆಯಲ್ಲಿ ಅದರ ಕೆಂಪು ಹಣ್ಣು ಬಾವಿಗೆ ಉದುರಿ ನೀರಿಗೆ ಚೂರು ಹುಳಿ ಹತ್ತುತ್ತಿತ್ತು. ಒಂಬತ್ತು ಬೇಸಗೆ ನಾವು ಅದನ್ನೇ ಕುಡಿದೆವು. ಆ ರುಚಿ ನಮ್ಮ ನಾಲಿಗೆಗೆ ಬೇಸಗೆಯ ರುಚಿಯೇ ಆಗಿತ್ತು.

ಕೆಳಗಿನ ಮನೆಯ ಯಜಮಾನರು ಒಳ್ಳೆಯವರು. ಒಂಬತ್ತು ವರ್ಷದಲ್ಲಿ ಒಂದು ದಿನವೂ ‘ಇವತ್ತು ಬೇಡ’ ಎಂದವರಲ್ಲ. ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಅಕ್ಕನ ನಿಶ್ಚಯದ ದಿನ ನಮ್ಮ ಜಗಲಿಯಲ್ಲಿ, ಸುಳ್ಯದ ಬೀಗರ ಎದುರಿಗೆ, ವೀಳ್ಯ ಮಡಚುತ್ತಾ ಹೇಳಿದರು: “ನೋಡಿ ಮಾರಾಯ್ರೆ, ಹೆಣ್ಣು ಇವರದ್ದು, ಗಂಡು ನಿಮ್ಮದು. ಧಾರೆ ಎರೆಯುವ ನೀರು ಮಾತ್ರ ನಮ್ಮದು!”

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಬೀಗರಿಗೆ ಎರಡನೆಯ ಸಲ ಕಾಫಿ ಕೊಡಿಸಿದರು, ರಸ್ತೆಯವರೆಗೆ ಕಳಿಸಿಬಂದರು. ಮರುದಿನ ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಕೂತು ಪಿಕ್ಕಾಸಿನ ಮೊನೆ ಮಸೆಯುತ್ತಿದ್ದಾರೆ.

“ಎಂತ ಮಾಡುದು ಅದರಲ್ಲಿ?” ಅಮ್ಮ ಕೇಳಿದಳು.

“ಗುಡ್ಡೆಗೆ ಸುರಂಗ ತೋಡುದು.”

“ನಿಮಗೆ ತೋಡ್ಲಿಕ್ಕೆ ಗೊತ್ತುಂಟಾ?”

“ಮಣ್ಣು ಎಳೆದು ಗೊತ್ತುಂಟು.”

ಇದು ನಮಗ್ಯಾರಿಗೂ ಗೊತ್ತಿಲ್ಲದ ಸುದ್ದಿ. ಗಾಡಿಗೂ ದೋಣಿಗೂ ನಡುವೆ, ತಮ್ಮ ಮದುವೆಗೆ ಮೊದಲು, ಪುತ್ತೂರಿನ ತೆಂಕಲಿಗೆ ಗಡಿಯ ಹತ್ತಿರ, ಒಬ್ಬ ಸುರಂಗದ ಮುದುಕನ ಜೊತೆ ಅವರು ಮೂರು ಬೇಸಗೆ ಕೆಲಸ ಮಾಡಿದ್ದರಂತೆ. ಮುದುಕ ಒಳಗೆ ಕಡಿಯುತ್ತಿದ್ದ, ಅಪ್ಪ ಮಣ್ಣು ಹೊರಗೆ ಎಳೆಯುತ್ತಿದ್ದರು. ನೀರು ಬೇಕಾದರೆ ಕೆಳಮುಖವಾಗಿ ತೋಡುವುದು ಎಲ್ಲರಿಗೂ ತಿಳಿದ ವಿಚಾರ. ನಮ್ಮ ಕಡೆ ಗುಡ್ಡೆಯ ಪಕ್ಕೆಗೇ ತೋಡುವುದೂ ಉಂಟು: ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರ, ಎರಡು ಭುಜ ಹಿಡಿಯುವಷ್ಟು ಅಗಲ, ಒಳಗೆ ಹೋದ ಹಾಗೆ ಚೂರೇ ಚೂರು ಏರು. ನೀರಿನ ಒಸರು ಸಿಕ್ಕಿದರೆ ಹಗ್ಗ ಬೇಡ, ಕೊಡ ಇಳಿಸುವುದು ಬೇಡ, ಅದಾಗಿ ಹೊರಗೆ ಹರಿದು ಬರುತ್ತದೆ. ಸಿಗದಿದ್ದರೆ ಮನೆಯ ಹಿಂದೆ ಒಂದು ತೂತು, ಅಷ್ಟೇ.

ಅಪ್ಪ ನೀರಿನ ಗುರುತೆಂದು ಹುತ್ತ ನೋಡಿದರು, ಒಂದು ಅತ್ತಿಮರ ನೋಡಿದರು, ಬೆಳಗಿನ ಹೊತ್ತು ಗುಡ್ಡೆಯ ಮಣ್ಣಿಗೆ ಅಂಗೈ ಇಟ್ಟು ನೋಡಿದರು. ದನದ ಹಟ್ಟಿಯ ಹಿಂದೆ ಜಾಗ ಗುರುತು ಮಾಡಿದರು. ನಾನು ಆ ಮಧ್ಯಾಹ್ನವೇ ಪಟ್ಟಿಗೆ ಏಳು ಸಂಗತಿ ಸೇರಿಸಿದೆ.

ಅಪ್ಪ ಕಡಿಯುವುದು, ಅಮ್ಮ ಮಣ್ಣು ಎಳೆಯುವುದು. ಮಣ್ಣಿಗೆ ಬುಟ್ಟಿಯಲ್ಲ, ಅಡಿಕೆಮರದ ಸೋಗೆಯ ಅಗಲ ಹಾಳೆ. ದೊಡ್ಡ ಹಾಳೆಯ ತುದಿಗೆ ಹಗ್ಗ ಕಟ್ಟಿ, ಅಪ್ಪ ತುಂಬಿಸಿ ಹೂಂಗುಟ್ಟಿದ ಕೂಡಲೆ ಹೊರಗಿನಿಂದ ಸರ್ರನೆ ಎಳೆಯಬೇಕು. ಅಕ್ಕ ಆ ಮಣ್ಣನ್ನು ಅಂಗಳಕ್ಕೆ ಹೊತ್ತು ಹಾಕುತ್ತಿದ್ದಳು. ಚಪ್ಪರಕ್ಕೆ ಅಂಗಳ ಅಗಲವಾಗಬೇಕಿತ್ತು, ಅದೂ ಆಯಿತು. ನನ್ನ ಪಾಲಿಗೆ ಬಂದದ್ದು ಬಿಸಿಲು.

ಸುರಂಗದ ಬಾಯಿ ಮೂಡುದಿಕ್ಕಿಗಿತ್ತು. ಬೆಳಿಗ್ಗೆ ಬಿಸಿಲು ಬಂದ ಮೇಲೆ ಮನೆಯ ಗೋಡೆಕನ್ನಡಿಯನ್ನು ಹೊರಗೆ ಹಿಡಿದುಕೊಂಡು ನಿಲ್ಲಬೇಕು. ಬೆಳಕು ಕನ್ನಡಿಗೆ ಬಿದ್ದು ಸುರಂಗದೊಳಗೆ ಹೋಗುತ್ತದೆ, ಅಪ್ಪನಿಗೆ ಕಡಿಯುವ ಜಾಗ ಕಾಣುತ್ತದೆ. ಸೂರ್ಯ ಸರಿದ ಹಾಗೆ ನಾನೂ ಸರಿಯಬೇಕು. ಮುದುಕ ಕಲಿಸಿದ ಉಪಾಯ ಅದು. ಆರನೆಯ ಕೋಲಿಗೆ ಬಂಡೆ ಸಿಕ್ಕಿ ಸುರಂಗ ಎಡಕ್ಕೆ ತಿರುಗಿದಾಗ ಬೆಳಕಿಗೂ ಒಂದು ತಿರುವು ಬೇಕಾಯಿತು. ಅಕ್ಕನ ಕೈಕನ್ನಡಿ ಒಳಗೆ ಹೋಯಿತು, ತಿರುವಿನ ಗೋಡೆಗೆ ಅಂಟಿಸಿ ಇಟ್ಟರು. ಮದುವೆಗೆ ನಾಲ್ಕು ತಿಂಗಳಿರುವ ಹೆಣ್ಣು ಕನ್ನಡಿಯಿಲ್ಲದೆ ಉಳಿದಳು.

“ನನ್ನ ಮುಖ ಹೇಗುಂಟು ಅಂತ ನನಗೇ ಮರೆತುಹೋಗಿದೆ” ಎಂದಳು ಒಂದು ದಿನ.

“ಅವನು ನೋಡಿ ಒಪ್ಪಿದ್ದಾನಲ್ಲ, ಇನ್ನು ನೀನು ನೋಡಿ ಎಂತ ಆಗಬೇಕು?” ಎಂದಳು ಅಮ್ಮ.

ಅಪ್ಪನ ಕಾಲಬುಡದಲ್ಲಿ ಒಂದು ಚಿಮಿಣಿ ದೀಪ ಇರುತ್ತಿತ್ತು. ಅದು ಬೆಳಕಿಗಲ್ಲ, ಗಾಳಿಗೆ. ದೀಪ ಸಣ್ಣದಾದರೆ ಒಳಗೆ ಗಾಳಿ ಕಡಿಮೆ ಎಂದು ಅರ್ಥ, ಎದ್ದು ಹೊರಗೆ ಬರಬೇಕು. ಇದು ತಿಳಿದ ಮೇಲೆ ನನಗೆ ಕೈಯಲ್ಲಿ ಕನ್ನಡಿ, ಬಾಯಲ್ಲಿ ಒಂದೇ ಪ್ರಶ್ನೆ.

“ಅಪ್ಪಾ, ದೀಪ ಉಂಟಾ?”

“ಉಂಟು.”

ಸ್ವಲ್ಪ ಹೊತ್ತು ಬಿಟ್ಟು, “ಅಪ್ಪಾ, ದೀಪ ಉಂಟಾ?”

“ಉಂಟು.”

ಹೀಗೆ ಮಕರ ಕಳೆಯಿತು, ಕುಂಭ ಕಳೆಯಿತು. ಒಂದು ಬೆಳಿಗ್ಗೆ ಹಾಳೆಯ ಮಣ್ಣಿನ ಹಿಂದೆಯೇ ಅಪ್ಪನ ಸ್ವರ ಬಂತು: “ದೀಪ ಉಂಟು. ನಾನೂ ಉಂಟು. ನೀನು ಒಂದರ್ಧ ಗಂಟೆ ಇಲ್ಲದಿದ್ರೆ ಒಳ್ಳೇದಿತ್ತು ಮಾರಾಯ್ತಿ!”

ಅಮ್ಮ ಹಗ್ಗ ಬಿಟ್ಟು ನಗುತ್ತಾ ಕೂತಳು. ನಾನು ಸಿಟ್ಟಿನಿಂದ ಆಕಾಶ ನೋಡಿದೆ. ಬಡಗಿನಲ್ಲಿ ಒಂದು ಮೋಡ ಇತ್ತು, ಅದು ಈ ಕಡೆಗೆ ಬಂದೀತೇ ಎಂದು ಲೆಕ್ಕ ಹಾಕತೊಡಗಿದೆ. ಕನ್ನಡಿ ಎತ್ತಲೋ ತಿರುಗಿತು. “ಬಿಸಿಲು ಎಲ್ಲಿಗೆ ಹೋಯ್ತು?” ಒಳಗಿನಿಂದ ಕೂಗು. ನೋಡಿದರೆ ಬಿಸಿಲು ಹಟ್ಟಿಯಲ್ಲಿತ್ತು, ದನದ ಮುಖದ ಮೇಲೆ.

ಕೆಳಗಿನ ಮನೆಯ ಯಜಮಾನರು ವಾರಕ್ಕೊಮ್ಮೆ ಹತ್ತಿಬಂದು ಸುರಂಗದ ಬಾಯಿಯಲ್ಲಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು.

“ಎಂತ ಮಾರಾಯ್ರೆ, ಘಟ್ಟದ ಆಚೆಗೆ ಮುಟ್ಟಿದಿರಾ?”

“ಇಲ್ಲ, ಸ್ವಲ್ಪ ಉಂಟು. ಸಕಲೇಶಪುರದ ಕಾಫಿ ಪರಿಮಳ ಬರ್ತಾ ಉಂಟು.”

“ಬಂದ್ರೆ ನಮಗೂ ಒಂದು ಗ್ಲಾಸು ಹೇಳಿ.” ಮತ್ತೆ ಎದ್ದು ಹೋಗುವಾಗ, “ಸುಮ್ಮನೆ ಜೀವ ಯಾಕೆ ತೇಯುದು? ಬಾವಿ ಉಂಟಲ್ಲ. ಒಂದು ಮದುವೆಗೆ ನೀರು ಕೊಟ್ರೆ ಅದೇನು ಬತ್ತಿಹೋಗುದಿಲ್ಲ.”

ಅವರು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರು. ತಮಾಷೆಗೆ ಆಡಿದ ಮಾತು ಅವರಿಗೆ ಮರೆತೇ ಹೋಗಿತ್ತು.

ಹದಿನಾಲ್ಕು ಕೋಲು ಆಯಿತು, ಮಣ್ಣು ಒಣಗಿದ ಅವಲಕ್ಕಿಯ ಹಾಗೆ. ಹದಿನಾರು, ಹಾಗೆಯೇ. ಯುಗಾದಿ ಕಳೆದು ಮದುವೆಗೆ ಆರು ವಾರ ಉಳಿದಿತ್ತು. ಅಪ್ಪ ಮಧ್ಯಾಹ್ನ ಊಟಕ್ಕೆ ಕೂತಾಗ ಗಂಜಿಯ ತಟ್ಟೆಯನ್ನು ಎತ್ತಲು ಹೋಗಿ ಮತ್ತೆ ನೆಲಕ್ಕಿಡುವುದನ್ನು ನಾನೂ ಅಮ್ಮನೂ ನೋಡಿದೆವು. ಐವತ್ತು ದಾಟಿದವರು, ಹೊಟ್ಟೆಯಡಿಯಲ್ಲಿ ಕಾಲು ಮಡಚಿ ಕೂತು ಮುರಕಲ್ಲು ಕಡಿಯುವುದೆಂದರೆ ಸಣ್ಣ ಸಂಗತಿಯಲ್ಲ. ಅಮ್ಮ ಹೇಳಿಯೇಬಿಟ್ಟಳು:

“ಸಾಕು. ನೀರು ಬಾರದಿದ್ರೆ ಬೇಡ. ಕೆಳಗಿನವರು ಕೊಡ್ತೇನೆ ಅಂತ ಹೇಳಿದ್ದಾರಲ್ಲ.”

“ಕೊಡ್ತಾರೆ. ಬಾರದಿದ್ರೆ ಅವರಲ್ಲೇ ತೆಗೊಳ್ಳುದು. ಅದಕ್ಕೆ ನಾಚಿಕೆ ಎಂತದ್ದು?”

“ಮತ್ತೆ ಯಾಕೆ ಈ ಹಟ?”

ಅಪ್ಪ ಉಪ್ಪಿನಕಾಯಿಯ ಮಾವಿನಮಿಡಿಯನ್ನು ಸುಮಾರು ಹೊತ್ತು ಚೀಪಿದರು. “ನೋಡು, ಗಾಡಿ ಹೊಡೆದೆ, ಬೇರೆಯವರದ್ದು. ದೋಣಿ ಬೇರೆಯವರದ್ದು. ಹೋಟ್ಲು ಬೇರೆಯವರದ್ದು. ಎಷ್ಟು ಮದುವೆಗೆ ಅಡುಗೆ ಮಾಡಿದೆ, ಎಲ್ಲ ಬೇರೆಯವರ ಮಕ್ಕಳದ್ದು. ಮಗಳ ಕೈಗೆ ಎರೆಯುವ ಒಂದು ಗಿಂಡಿ ನೀರು ನಮ್ಮದೇ ಇರ್ಲಿ ಅಂತ. ಅಷ್ಟೇ. ಬೇರೆ ಎಂತ ಇಲ್ಲ.”

ಅಷ್ಟು ಉದ್ದದ ಮಾತು ಅವರ ಬಾಯಿಂದ ನಾನು ಮೊದಲು ಕೇಳಿರಲಿಲ್ಲ. ಅಮ್ಮ ಎದ್ದುಹೋಗಿ ಹಾಳೆಯ ಹಗ್ಗಕ್ಕೆ ಹೊಸ ಗಂಟು ಹಾಕಿದಳು.

ಹತ್ತೊಂಬತ್ತನೆಯ ಕೋಲಿಗೆ ಬಿಳಿ ಶೇಡಿಮಣ್ಣು ಬಂತು, ಕೈಗೆ ತಂಪು. ಇಪ್ಪತ್ತೊಂದಕ್ಕೆ ಹಾಳೆ ಎಳೆದರೆ ಭಾರ. ಇಪ್ಪತ್ತಮೂರನೆಯ ಕೋಲಿನ ದಿನ ನಾನು ಹೊರಗಿನಿಂದ “ಅಪ್ಪಾ, ದೀಪ ಉಂಟಾ?” ಎಂದು ಕೇಳಿದರೆ ಉತ್ತರ ಇಲ್ಲ. ಮತ್ತೆ ಕೇಳಿದೆ. ಇಲ್ಲ. ಕನ್ನಡಿ ನೆಲಕ್ಕಿಟ್ಟು ನಾಲ್ಕು ಕಾಲಿನಲ್ಲಿ ಒಳಗೆ ನುಗ್ಗಿದೆ. ಸುರಂಗದೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ತಿರುವು ದಾಟಿದಾಗ ಕತ್ತಲು, ದೀಪ ಇಲ್ಲ. ನನ್ನ ಪಟ್ಟಿಯ ಉಸಿರು ಕಟ್ಟುವ ಸಂಗತಿ ಎದುರಿಗೇ ಬಂತೆಂದು ಕಿರುಚಿದೆ.

“ಕೂಗಬೇಡ” ಎಂದರು ಅಪ್ಪ ಕತ್ತಲಿನಲ್ಲಿ, ಮೆಲ್ಲಗೆ. “ದೀಪಕ್ಕೆ ಎಂತ ಆಗ್ಲಿಲ್ಲ. ನೀರು ಬಿದ್ದು ಆರಿದ್ದು. ಕೇಳು.”

ಕೇಳಿದೆ. ಟಪ್. ಸ್ವಲ್ಪ ಬಿಟ್ಟು, ಟಪ್ ಟಪ್.

ಮೊದಲ ವಾರ ನೀರು ರಾಗಿ ಅಂಬಲಿಯ ಹಾಗೆ ಕೆಂಪಾಗಿ ಬಂತು. ಹಾಗೇ ಬರುವುದು, ಗುಡ್ಡೆ ಬಾಯಿ ತೊಳೆಯಬೇಕು ಎಂದರು ಅಪ್ಪ. ಸೀಳಿದ ಅಡಿಕೆಮರದ ದಂಬೆ ಇಟ್ಟು ನೀರನ್ನು ಹಟ್ಟಿಯ ಹಿಂದಿನಿಂದ ಅಂಗಳದ ಮೂಲೆಗೆ ತಂದರು. ಎರಡನೆಯ ವಾರ ಚಾದ ಬಣ್ಣ, ಮೂರನೆಯ ವಾರಕ್ಕೆ ತಿಳಿ. ಕಿರುಬೆರಳ ದಪ್ಪದ ಧಾರೆ, ಒಂದು ವೀಳ್ಯ ಜಗಿದು ಮುಗಿಯುವಷ್ಟರಲ್ಲಿ ಒಂದು ಕೊಡ ತುಂಬುತ್ತಿತ್ತು. ಕಲ್ಲಿನ ರುಚಿ, ಹಲ್ಲು ಜುಮ್ಮೆನ್ನುವ ತಂಪು. ಆದರೆ ಆ ಕೆಂಪು ನನ್ನ ಕಣ್ಣಿನಿಂದ ಹೋಗಲಿಲ್ಲ. ದಿನಕ್ಕೆ ನಾಲ್ಕು ಸಲ ಹೋಗಿ ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದೆ.

ಮದುವೆಯ ದಿನಕ್ಕೆ ಹೋಗುವ ಮೊದಲು ಅಪ್ಪನ ಮುಂದಿನ ಕತೆಯನ್ನು ಹೇಳಿಬಿಡುತ್ತೇನೆ, ಕೊನೆಗೆ ಮರೆತುಬಿಟ್ಟರೆ ಎಂಬ ಹೆದರಿಕೆ. ಆ ಸುರಂಗದಿಂದಾಗಿ ಅವರಿಗೆ ಇನ್ನೊಂದು ಕೆಲಸ ಹತ್ತಿಕೊಂಡಿತು. ಅರುವತ್ತರ ದಶಕ ಪೂರ್ತಿ ಕಡಬದ ಆಸುಪಾಸಿನ ಗುಡ್ಡೆಗಳಲ್ಲಿ ಬೇರೆಯವರಿಗೆ ಸುರಂಗ ತೋಡಿದರು. ಎರಡರಲ್ಲಿ ನೀರು ಬರಲಿಲ್ಲ, ಆ ಎರಡೂ ಮನೆಯವರನ್ನು ಕಂಡರೆ ಸಾಯುವವರೆಗೂ ದಾರಿ ಬಿಟ್ಟು ಸರಿಯುತ್ತಿದ್ದರು. ಬಗ್ಗಲು ಆಗದ ಪ್ರಾಯ ಬಂದ ಮೇಲೆ ಜೇನುಪೆಟ್ಟಿಗೆ ಇಟ್ಟರು, ಅಮ್ಮನ ಕೊನೆಯ ಎರಡು ವರ್ಷ ಅಡುಗೆಮನೆ ಪೂರ್ತಿ ಅವರೇ ನೋಡಿಕೊಂಡರು. ನೆಟ್ಟಣದ ಆಚೆ ಘಟ್ಟಕ್ಕೆ ರೈಲು ಹತ್ತಿಸಲು ಗುಡ್ಡೆ ಕೊರೆಯುತ್ತಿದ್ದಾಗ ನೋಡಬೇಕೆಂದು ಹಟ ಮಾಡಿ ಹೋದರು. ಬಂದ ಮೇಲೆ ಹೇಗಿತ್ತೆಂದು ಕೇಳಿದರೆ, “ಅಷ್ಟು ಉದ್ದ ತೋಡಿದ್ದಾರೆ, ಒಂದು ಕೊಡ ನೀರಿಗೆ ಗತಿಯಿಲ್ಲ. ನಾನಾದ್ರೆ ಮುಚ್ಚುತ್ತಿದ್ದೆ” ಎಂದರು. ಕಳೆದ ವರ್ಷ, ಎಂಬತ್ತೆರಡು ತುಂಬಿ, ಬೆಳಗಿನ ಕಾಫಿ ಕುಡಿದು ಲೋಟ ತೊಳೆದಿಟ್ಟು, ಜಗಲಿಯಲ್ಲಿ ಮಲಗಿದವರು ಏಳಲಿಲ್ಲ. ಹೇಗೆ ಹೋಗಬಹುದೆಂದು ನಾನು ನಲವತ್ತು ವರ್ಷ ಏನೇನೋ ಯೋಚಿಸಿದ್ದೆ. ಇದನ್ನು ಯೋಚಿಸಿರಲಿಲ್ಲ.

ಮದುವೆಯ ಹಿಂದಿನ ದಿನ ನಾನು ಒಂದು ಮುಂಜಾಗ್ರತೆ ಮಾಡಿದೆ. ಯಾರಿಗೂ ಹೇಳದೆ ಕೆಳಗಿನ ಮನೆಯ ಬಾವಿಯಿಂದ ಒಂದು ಕೊಡ ನೀರು ತಂದು ಒಳಕೋಣೆಯ ಅಕ್ಕಿಮುಡಿಯ ಹಿಂದೆ ಮುಚ್ಚಿಟ್ಟೆ. ನೀರು ಕೆಂಪಾದರೆ? ದಂಬೆಯನ್ನು ದನ ತುಳಿದರೆ? ಇದ್ದರೆ ನಷ್ಟವೇನು, ಒಂದು ಕೊಡ.

ಆ ದಿನ ಬೆಳಿಗ್ಗೆ ಆಕಾಶ ಸ್ವಚ್ಛ. ಬಸ್ಸು ಹೇಳಿದ ಹೊತ್ತಿಗೆ ಬಂತು. ದಮ್ಮಿನ ದೊಡ್ಡಪ್ಪ ಎಲ್ಲರಿಗಿಂತ ಮೊದಲು ಗುಡ್ಡೆ ಹತ್ತಿ ಬಂದು ಹಿಂದಿನವರಿಗೆ ಬೈಯುತ್ತಿದ್ದರು. ಬಂದವರಿಗೆಲ್ಲ ಬೆಲ್ಲ, ಸುರಂಗದ ನೀರು. ಗಂಡಿನವರು ಎರಡನೆಯ ಸಲ ನೀರು ಕೇಳಿ ಕುಡಿದರು, “ಎಂಥಾ ತಂಪು ಮಾರಾಯ್ರೆ” ಎಂದರು. ಒಲೆಗಳು ಉರಿದವು, ಚಪ್ಪರ ನಿಂತಿತು, ಹೆಜ್ಜೇನು ತನ್ನ ಪಾಡಿಗೆ ಇತ್ತು. ಅಕ್ಕ ಎರಡೂ ಕೆನ್ನೆ ಒಂದೇ ಸಮ ಇಟ್ಟುಕೊಂಡು, ಸುರಂಗದಿಂದ ವಾಪಸು ಬಂದ ಕನ್ನಡಿಯಲ್ಲಿ ನೋಡಿಕೊಂಡದ್ದೇ ನೋಡಿಕೊಂಡದ್ದು. ನನಗೆ ಇದೆಲ್ಲ ಸರಿಬರಲಿಲ್ಲ. ಇಷ್ಟು ಚೆನ್ನಾಗಿ ನಡೆಯುವುದರಲ್ಲಿ ಏನೋ ಉಂಟು ಎಂದೇ ಅನಿಸುತ್ತಿತ್ತು.

ಧಾರೆಗೆ ಅಪ್ಪ ಹುಟ್ಟಿದ ಮನೆಯಿಂದ ಬಂದ ಹಳೆಯ ತಾಮ್ರದ ಗಿಂಡಿ. ವರ್ಷಗಟ್ಟಲೆ ಅಟ್ಟದಲ್ಲಿ ಕಪ್ಪಾಗಿ ಬಿದ್ದಿದ್ದನ್ನು ಬೆಳಿಗ್ಗೆ ಹುಣಸೆಹುಳಿ ಹಾಕಿ ಉಜ್ಜಿದ್ದೆ. ಅಪ್ಪನೇ ದಂಬೆಯ ಕೆಳಗೆ ಹಿಡಿದು ತುಂಬಿಸಿ, ಒಳಗೆ ತಂದು ನನ್ನ ಕೈಗೆ ಕೊಟ್ಟರು. “ಕರೆಯುವಾಗ ತಾ” ಎಂದರು. ಬೆಳಗಿನಿಂದ ಬಾಯಿಗೆ ಹನಿ ಹಾಕಿರಲಿಲ್ಲ. ಧಾರೆ ಆಗುವವರೆಗೆ ಹೆಣ್ಣಿನ ತಂದೆ ಏನೂ ತೆಗೆದುಕೊಳ್ಳುವಂತಿಲ್ಲ.

ಅವರು ಮಂಟಪಕ್ಕೆ ಹೋದರು. ನಾನು ಗಿಂಡಿಯೊಳಗೆ ಇಣುಕಿದೆ. ನೀರು ಕೆಂಪಾಗಿತ್ತು.

ಮತ್ತೊಮ್ಮೆ ಇಣುಕಿದೆ. ಕೆಂಪೇ. ಗುಡ್ಡೆ ಮತ್ತೆ ಬಾಯಿ ಬಿಟ್ಟಿತೆಂದೇ ತಿಳಿದೆ. ಬೀಗರ ಎದುರಿಗೆ, ಕೆಳಗಿನ ಮನೆಯವರ ಎದುರಿಗೆ, ಅಕ್ಕನ ಕೈಯ ಮೇಲೆ ಕೆಸರುನೀರು. ಹೊರಗೆ ಓಲಗ ಜೋರಾಯಿತು, ಯಾರೋ “ಗಿಂಡಿ ಎಲ್ಲಿ, ಗಿಂಡಿ?” ಎಂದರು. ನಾನು ಗಿಂಡಿಯನ್ನು ಕಿಟಕಿಯ ಹೊರಗೆ ಮಗುಚಿ, ಅಕ್ಕಿಮುಡಿಯ ಹಿಂದಿನ ಕೊಡ ಬಗ್ಗಿಸಿ ತುಂಬಿಸಿ, ಬಾಯಿಗೆ ಒಂದು ವೀಳ್ಯದೆಲೆ ಮುಚ್ಚಿ ಓಡಿದೆ. ತಿರುಗಿ ನೋಡಲಿಲ್ಲ. ಬೀಗವನ್ನು ಮೂರು ಸಲ ಎಳೆದು ನೋಡುವವಳು ಆ ಒಂದು ದಿನ ಒಂದು ಸಲವೂ ನೋಡಲಿಲ್ಲ.

ಅಪ್ಪ ಅಮ್ಮ ಇಬ್ಬರೂ ಗಿಂಡಿಗೆ ಕೈ ಹಿಡಿದು ಧಾರೆ ಎರೆದರು. ನೀರು ಅಕ್ಕನ ಬೆರಳುಗಳ ನಡುವಿನಿಂದ ಇಳಿದು ಹರಿವಾಣಕ್ಕೆ ಬಿತ್ತು. ಅಪ್ಪನ ಕಣ್ಣು ಗಿಂಡಿಯ ಮೂತಿಯಿಂದ ಅತ್ತಿತ್ತ ಕದಲಲಿಲ್ಲ. ಅಮ್ಮ ಅಳುತ್ತಿದ್ದಳು, ಅವರು ಅಳಲಿಲ್ಲ. ದೋಣಿ ದಡ ಮುಟ್ಟಿಸುವವರ ಹಾಗೆ ಮುಖ ಬಿಗಿದುಕೊಂಡಿದ್ದರು.

ಎಲ್ಲ ಮುಗಿದು ಜನ ಅಕ್ಷತೆ ಹಾಕಲು ಎದ್ದ ಮೇಲೆ ಅವರು ಚಪ್ಪರದ ಕಂಬಕ್ಕೆ ಒರಗಿ ನಿಂತರು. ಗಿಂಡಿಯಲ್ಲಿ ಇನ್ನೂ ನೀರಿತ್ತು. ಎತ್ತಿ, ತುಟಿಗೆ ತಾಗಿಸದೆ ಬಾಯಿಗೆ ಬಿಟ್ಟುಕೊಂಡರು. ಒಂದು ಗುಟುಕು ನುಂಗಿದರು. ಎರಡನೆಯದನ್ನು, ಹುಳಿ ನೋಡುವವರ ಹಾಗೆ, ಬಾಯಲ್ಲೇ ಇಟ್ಟುಕೊಂಡು ನಿಂತರು.

ಕೆಳಗಿನ ಮನೆಯ ಯಜಮಾನರು ಪಕ್ಕದಲ್ಲೇ ಇದ್ದರು. “ಹೇಗುಂಟು ಮಾರಾಯ್ರೆ ಧಾರೆಯ ನೀರು? ನಾನು ಸೋತೆ, ಒಪ್ಪಿದೆ. ಗುಡ್ಡೆಯಿಂದ ನೀರು ತೆಗೆದಿರಿ, ಗಟ್ಟಿಗರು ನೀವು” ಎಂದರು.

ಅಪ್ಪ ಬಾಯಲ್ಲಿದ್ದದ್ದನ್ನು ನುಂಗಿದರು. ಜನರ ನಡುವಿನಿಂದ ಅವರ ಕಣ್ಣು ನನ್ನನ್ನು ಹುಡುಕಿಕೊಂಡು ಬಂತು. ನಾನು ನೆಲ ನೋಡಿದೆ.

“ನೀರು ಒಳ್ಳೇದುಂಟು” ಎಂದರು ಅವರಿಗೆ. ಮತ್ತೆ ನನ್ನನ್ನು ಹತ್ತಿರ ಕರೆದರು. ಬೈಯಲಿಲ್ಲ. ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟು ಬಿಸಿ ನೋಡಿ, ಗಿಂಡಿಯನ್ನು ನನ್ನ ಕೈಗೆ ಕೊಟ್ಟು ಮೆಲ್ಲಗೆ ಹೇಳಿದರು: “ತೊಳೆದು, ನಮ್ಮ ನೀರು ತುಂಬಿಸಿ ತಾ. ಬಾಯಾರ್ತದೆ.”

ದಂಬೆಯ ಹತ್ತಿರ ಹೋಗಿ ಗಿಂಡಿ ತೊಳೆದು ಹಿಡಿದೆ. ತುಂಬಿದ ಮೇಲೆ ಇಣುಕಿದರೆ ಒಳಗೆ ಅದೇ ಕೆಂಪು. ಒಂದಿಷ್ಟನ್ನು ಬೊಗಸೆಗೆ ಸುರಿದುಕೊಂಡೆ. ಕೈಯ ಗೆರೆಗಳೆಲ್ಲ ಕಾಣುವಷ್ಟು ತಿಳಿ. ನಾನೇ ಬೆಳಿಗ್ಗೆ ಹುಣಸೆಹುಳಿ ಹಾಕಿ ಉಜ್ಜಿ ಹೊಳೆಯಿಸಿದ್ದ ತಾಮ್ರದ ಬಣ್ಣ ಅದು.

ತಂದುಕೊಟ್ಟೆ. ಅಪ್ಪ ಪೂರ್ತಿ ಗಿಂಡಿ ಒಂದೇ ಉಸಿರಿಗೆ ಕುಡಿದು ಬಾಯಿ ಒರೆಸಿಕೊಂಡು ಊಟದ ಪಂಕ್ತಿ ನೋಡಲು ಹೋದರು. ಪಾಯಸ ಒಡೆದಿರಲಿಲ್ಲ. ಪಟ್ಟಿಯ ಮೂವತ್ತೊಂದರಲ್ಲಿ ಒಂದೂ ನಡೆಯಲಿಲ್ಲ. ಅಕ್ಕನ ಧಾರೆ ಮಾತ್ರ ಕೆಳಗಿನ ಮನೆಯ ಬಾವಿಯ ನೀರಿನಲ್ಲಿ ಆಯಿತು.